ದೂರವೆಷ್ಟು, ಹೊತ್ತೆಷ್ಟು?

ಒಂದು ಊರಿಗೂ ಮತ್ತೊಂದು ಊರಿಗೂ ನಡುವೆ ಎಷ್ಟು ದೂರ ಎಂಬ ಪ್ರಶ್ನೆಗೆ ಉತ್ತರವು ಒಂದೇ ಇರಬೇಕೆಂದು ನಮಗೆ ತೋರುತ್ತದೆ. ಊರುಗಳು ಇದ್ದಲ್ಲಿಯೇ ಇರುತ್ತವೆ. ಆದುದರಿಂದ ಅವುಗಳ ನಡುವಣ ಅಂತರವೂ ಬದಲಾಗಲಾರದು. ಆದರೆ ಮಲೆನಾಡಿನ ಯಾವುದಾದರೊಂದು ಹಳ್ಳಿಯ ಹಿರಿಯರನ್ನು ಈ ಪ್ರಶ್ನೆ ಕೇಳಿ ನೋಡಿ. ಒಬ್ಬರು ಕಿಲೋಮೀಟರಿನ ಲೆಕ್ಕ ಹೇಳಿದರೆ ಇನ್ನೊಬ್ಬರು ಬಸ್ಸಿನ ಹೊತ್ತನ್ನು ಹೇಳುತ್ತಾರೆ. ಮತ್ತೊಬ್ಬರು, “ಬೇಸಗೆಯಲ್ಲೋ ಮಳೆಗಾಲದಲ್ಲೋ?” ಎಂದು ತಿರುಗಿ ನಮ್ಮನ್ನೇ ಕೇಳುತ್ತಾರೆ. ಈ ಮೂರನೆಯ ಉತ್ತರವು ಮೇಲುನೋಟಕ್ಕೆ ವಿಚಿತ್ರವಾಗಿ ಕಂಡರೂ ಮೂರರಲ್ಲಿ ಅದೇ ಹೆಚ್ಚು ವಿಚಾರಪೂರ್ಣವಾದುದು.

ನಮ್ಮ ಪೂರ್ವಿಕರು ದೂರವನ್ನು ಹರದಾರಿ, ಗಾವುದಗಳಲ್ಲಿ ಅಳೆಯುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ. ಹತ್ತಿರದ ದೂರವನ್ನು ಹೇಳಬೇಕಾದಾಗ ‘ಕೂಗಳತೆ’ ಎನ್ನುತ್ತಿದ್ದರು. ಒಬ್ಬನು ಕೂಗಿದರೆ ಇನ್ನೊಬ್ಬನಿಗೆ ಕೇಳುವಷ್ಟು ಅಂತರ ಎಂದು ಅದರ ಅರ್ಥ. ಒಂದು ಕವಳ ಹಾಕಿ ಮುಗಿಸುವಷ್ಟು ದಾರಿ ಎಂಬ ಮಾತೂ ಉಂಟು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಹರದಾರಿಯು ನೆಲದ ಅಳತೆ. ಕವಳದ ಲೆಕ್ಕವಾದರೋ ಹೊತ್ತಿನ ಅಳತೆ. ನಮ್ಮವರು ಇವೆರಡನ್ನೂ ಬಲ್ಲವರಾಗಿದ್ದರು. ಸಂದರ್ಭಕ್ಕೆ ಯಾವುದು ಬೇಕೋ ಅದನ್ನು ಬಳಸುತ್ತಿದ್ದರು. 1956ರ ಕಾನೂನಿನ ತರುವಾಯ ದೇಶದಲ್ಲಿ ಮೆಟ್ರಿಕ್ ಪದ್ಧತಿಯು ನೆಲೆಗೊಂಡಿತು. ಮೈಲಿಯು ಹೋಯಿತು, ಮೈಲಿಗಲ್ಲು ಮಾತ್ರ ಹೆಸರು ಬದಲಿಸದೆ ರಸ್ತೆಯ ಬದಿಯಲ್ಲಿ ಕಿಲೋಮೀಟರುಗಳನ್ನು ಹೊತ್ತು ನಿಂತಿದೆ.

ಮೊದಲು ನೆಲದ ಅಳತೆಯನ್ನೇ ನೋಡೋಣ. ಸಾಗರ, ಹೊಸನಗರ, ತೀರ್ಥಹಳ್ಳಿಗಳು ಶಿವಮೊಗ್ಗ ಜಿಲ್ಲೆಯ ಪಶ್ಚಿಮ ಭಾಗದ ಮೂರು ತಾಲ್ಲೂಕುಗಳು. ಇವುಗಳಲ್ಲಿ ಸಾಗರವು ಉತ್ತರಕ್ಕೂ ತೀರ್ಥಹಳ್ಳಿಯು ದಕ್ಷಿಣಕ್ಕೂ ಇದ್ದು, ಹೊಸನಗರವು ನಡುವೆ ಇದೆ. ಸಾಗರದಿಂದ ತೀರ್ಥಹಳ್ಳಿಗೆ ಹಕ್ಕಿಯೊಂದು ಎಲ್ಲಿಯೂ ಬಳಸದೆ ನೇರವಾಗಿ ಹಾರಿದರೆ ಎಷ್ಟು ದೂರ ಹಾರಬೇಕಾದೀತು? ಇದನ್ನು ತಿಳಿಯಲು ಅಳತೆಯ ಪಟ್ಟಿ ಬೇಡ, ಹಕ್ಕಿಯ ಹಿಂದೆ ಹೋಗುವುದೂ ಬೇಡ. ಭೂಪಟದಲ್ಲಿರುವ ಅಕ್ಷಾಂಶ ರೇಖಾಂಶಗಳು ಸಾಕು.

ಸಾಗರವು ಉತ್ತರ ಅಕ್ಷಾಂಶ 14.17 ಡಿಗ್ರಿ, ಪೂರ್ವ ರೇಖಾಂಶ 75.03 ಡಿಗ್ರಿಯ ಆಸುಪಾಸಿನಲ್ಲಿದೆ. ತೀರ್ಥಹಳ್ಳಿಯು ಅಕ್ಷಾಂಶ 13.69, ರೇಖಾಂಶ 75.24ರ ಹತ್ತಿರದಲ್ಲಿದೆ. ಅಕ್ಷಾಂಶಗಳ ವ್ಯತ್ಯಾಸವು 0.48 ಡಿಗ್ರಿ. ಅಕ್ಷಾಂಶದ ಒಂದು ಡಿಗ್ರಿಯು ನೆಲದ ಮೇಲೆ ಸುಮಾರು 111 ಕಿಲೋಮೀಟರ್ ಆಗುವುದರಿಂದ, ತೀರ್ಥಹಳ್ಳಿಯು ಸಾಗರಕ್ಕಿಂತ 53 ಕಿಲೋಮೀಟರ್ ದಕ್ಷಿಣಕ್ಕಿದೆ ಎಂದಾಯಿತು. ರೇಖಾಂಶಗಳ ವ್ಯತ್ಯಾಸವು 0.21 ಡಿಗ್ರಿ. ನಮ್ಮ ಸೀಮೆಯಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108 ಕಿಲೋಮೀಟರ್. ಆದುದರಿಂದ ತೀರ್ಥಹಳ್ಳಿಯು 23 ಕಿಲೋಮೀಟರ್ ಪೂರ್ವಕ್ಕಿದೆ. ಈಗ ನಮ್ಮ ಮುಂದೆ ಒಂದು ಲಂಬಕೋನ ತ್ರಿಭುಜವಿದೆ. ನೀವು ರೇಖಾಗಣಿತದಲ್ಲಿ ಕಲಿತ ಪೈಥಾಗೊರಸನ ಪ್ರಮೇಯವನ್ನು ಇಲ್ಲಿ ಅನ್ವಯಿಸಬಹುದು. 53ರ ವರ್ಗ 2809, 23ರ ವರ್ಗ 529; ಇವುಗಳ ಮೊತ್ತ 3338; ಅದರ ವರ್ಗಮೂಲವು ಸುಮಾರು 58. ಹಕ್ಕಿಯು ಹಾರಬೇಕಾದ ದೂರ 58 ಕಿಲೋಮೀಟರ್. ಬಸ್ಸು ಓಡಬೇಕಾದ ದೂರವಾದರೋ ಎಪ್ಪತ್ತು ಕಿಲೋಮೀಟರನ್ನು ದಾಟುತ್ತದೆ. ಈ ಹೆಚ್ಚಿನ ಕಿಲೋಮೀಟರುಗಳನ್ನು ಬೇಡಿದವರು ಗುಡ್ಡಗಳು, ಹಳ್ಳಗಳು, ಗದ್ದೆಬಯಲುಗಳು.

ಅಕ್ಷಾಂಶದ ಡಿಗ್ರಿಗೆ 111, ರೇಖಾಂಶದ ಡಿಗ್ರಿಗೆ 108 ಎಂದು ಬೇರೆ ಬೇರೆ ಲೆಕ್ಕ ಹಿಡಿದುದೇಕೆ ಎಂದು ನೀವು ಕೇಳಬಹುದು. ಕಿತ್ತಳೆಯ ಹಣ್ಣನ್ನು ಸುಲಿದು ನೋಡಿ. ತೊಳೆಗಳು ನಡುವಿನಲ್ಲಿ ಅಗಲವಾಗಿದ್ದು ಎರಡು ತುದಿಗಳತ್ತ ಕಿರಿದಾಗುತ್ತ ಹೋಗಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಭೂಮಿಯ ರೇಖಾಂಶಗಳೂ ಹಾಗೆಯೇ. ಸಮಭಾಜಕ ವೃತ್ತದಲ್ಲಿ ಅವುಗಳ ನಡುವೆ ಡಿಗ್ರಿಗೆ 111 ಕಿಲೋಮೀಟರ್ ಅಂತರವಿದ್ದರೆ, ಮಲೆನಾಡಿನಲ್ಲಿ 108 ಇರುತ್ತದೆ. ಧ್ರುವದಲ್ಲಿ ಏನೂ ಉಳಿಯುವುದಿಲ್ಲ.

ಉತ್ತರ ಧ್ರುವದ ಸಮೀಪದಲ್ಲಿ ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ಇದು ನಾರ್ವೆ ದೇಶಕ್ಕೆ ಸೇರಿದುದು. ಇದರ ಮುಖ್ಯ ಊರಾದ ಲಾಂಗಿಯರ್‌ಬೀನ್ 78 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ರೇಖಾಂಶದ ಒಂದು ಡಿಗ್ರಿಯು ಕೇವಲ 23 ಕಿಲೋಮೀಟರ್. ಆ ದ್ವೀಪದಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ರಸ್ತೆಗಳಿಲ್ಲ. ಸಂಚಾರವೆಲ್ಲ ಹಿಮದ ಬಂಡಿ, ದೋಣಿ, ವಿಮಾನಗಳಿಂದಲೇ ನಡೆಯಬೇಕು. ವರ್ಷವಿಡೀ ಕರಗದೆ ಹೆಪ್ಪುಗಟ್ಟಿದ ನೆಲದ ಮೇಲೆ ಕಟ್ಟಿದ ಅಲ್ಲಿನ ವಿಮಾನ ನಿಲ್ದಾಣವು 1975ರಲ್ಲಿ ಆರಂಭವಾಯಿತು. ಅಲ್ಲಿಂದ ನಾರ್ವೆಯ ಉತ್ತರ ಭಾಗದ ಟ್ರೊಮ್ಸೊ ನಗರಕ್ಕೆ ನೇರ ದೂರ ಸುಮಾರು 960 ಕಿಲೋಮೀಟರ್. ನಡುವೆ ಇರುವುದೆಲ್ಲ ಶೀತಲವಾದ ಸಮುದ್ರ. ಗಂಟೆಗೆ 800 ಕಿಲೋಮೀಟರ್ ವೇಗದ ವಿಮಾನವು ಅದನ್ನು ದಾಟಲು ಒಂದು ಗಂಟೆಗಿಂತ ತುಸು ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ. ಲಾಂಗಿಯರ್‌ಬೀನಿನಲ್ಲಿ ಯಾರಿಗಾದರೂ ಕಾಯಿಲೆ ವಿಷಮಿಸಿದರೆ ಅವರನ್ನು ವಿಮಾನದಲ್ಲಿ ಟ್ರೊಮ್ಸೊದ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ. ಮುಂದೆ ನಮಗೆ ಬೇಕಾಗುತ್ತದೆ.

ಧ್ರುವದ ಬಳಿ ರೇಖಾಂಶಗಳು ಒತ್ತಾಗಿ ಕೂಡುವುದರಿಂದ ಕನ್ನಡನಾಡಿಗೂ ಒಂದು ಪ್ರಯೋಜನ ಒದಗಿತು. ಗೋಡೆಗೆ ತೂಗುಹಾಕಿದ ಚಪ್ಪಟೆ ಭೂಪಟದಲ್ಲಿ ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಮತ್ತು ಬೆಂಗಳೂರುಗಳನ್ನು ಗೆರೆಯೆಳೆದು ಕೂಡಿಸಿದರೆ ಆ ಗೆರೆಯು ಮಹಾಸಾಗರವನ್ನೆಲ್ಲ ಅಡ್ಡಹಾಯ್ದು ಬರುತ್ತದೆ. ಅದೇ ಎರಡು ನಗರಗಳ ನಡುವೆ ಗೋಳದ ಮೇಲೆ ದಾರವನ್ನು ಬಿಗಿಯಾಗಿ ಹಿಡಿದು ನೋಡಿರಿ. ದಾರವು ಉತ್ತರಕ್ಕೆ ಏರಿ, ಧ್ರುವದ ಹತ್ತಿರದಲ್ಲಿ ಹಾಯ್ದು, ಆಚೆಯಿಂದ ಕೆಳಗಿಳಿದು ಬೆಂಗಳೂರನ್ನು ಸೇರುತ್ತದೆ. ಗೋಳದ ಮೇಲೆ ಎರಡು ಸ್ಥಳಗಳ ನಡುವಣ ಅತ್ಯಂತ ಕಿರಿದಾದ ದಾರಿ ಇದೇ. ಇದನ್ನು ಮಹಾವೃತ್ತದ ದಾರಿಯೆನ್ನುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಧ್ರುವ ಪ್ರದೇಶದ ಮೇಲಿನಿಂದ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಬಂದಿತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಅದನ್ನು ನಡೆಸಿದ ಚಾಲಕರೆಲ್ಲರೂ ಮಹಿಳೆಯರು. ಎರಡು ನಗರಗಳ ನೇರ ದೂರ 13,993 ಕಿಲೋಮೀಟರ್. ಪ್ರಯಾಣಕ್ಕೆ ಹಿಡಿದ ಕಾಲ ಸುಮಾರು 17 ಗಂಟೆ. ಎತ್ತರದ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಪ್ರಬಲವಾದ ಗಾಳಿಯಿರುವುದರಿಂದ ಇಂಥ ಪ್ರಯಾಣದಲ್ಲಿ ಹೋಗುವ ಕಾಲವೂ ಬರುವ ಕಾಲವೂ ಒಂದೇ ಆಗಿರುವುದಿಲ್ಲ. ದೂರವನ್ನು ರೇಖಾಗಣಿತವು ಹೇಳಬಲ್ಲುದು. ಹೊತ್ತನ್ನು ಹೇಳಬೇಕಾದರೆ ಗಾಳಿಯನ್ನೂ ಕೇಳಬೇಕು.

ಈಗ ಹತ್ತಿರದ ಆಕಾಶಕ್ಕೆ ಬರೋಣ. ಶಿವಮೊಗ್ಗದ ಸಮೀಪದ ಸೋಗಾನೆಯಲ್ಲಿ 2023ರ ಫೆಬ್ರವರಿ 27ರಂದು ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಅವರ ಹೆಸರನ್ನು ಅದಕ್ಕೆ ಇಡಲಾಗಿದೆ. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನವು ಅಲ್ಲಿ ಇಳಿಯಿತು. ಮೇಲೆ ಹೇಳಿದ ಕ್ರಮದಲ್ಲಿಯೇ ಲೆಕ್ಕ ಹಾಕಿದರೆ ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಸೋಗಾನೆಗೂ ನಡುವೆ ನೇರ ದೂರ ಸುಮಾರು 239 ಕಿಲೋಮೀಟರ್ ಆಗುತ್ತದೆ. ಇಂಥ ಮಾರ್ಗಗಳಲ್ಲಿ ಹಾರುವ ಎ.ಟಿ.ಆರ್. ಎಂಬ ಚಿಕ್ಕ ವಿಮಾನದ ವೇಗ ಗಂಟೆಗೆ ಸುಮಾರು 500 ಕಿಲೋಮೀಟರ್. ಭಾಗಿಸಿ ನೋಡಿದರೆ ಪ್ರಯಾಣವು 29 ನಿಮಿಷಗಳಲ್ಲಿ ಮುಗಿಯಬೇಕು. ಆದರೆ ಅದಕ್ಕೆ ಒಂದು ಗಂಟೆಗಿಂತಲೂ ಹೆಚ್ಚು ಕಾಲ ಗೊತ್ತುಮಾಡುತ್ತಾರೆ. ಉಳಿದ ಅರ್ಧ ಗಂಟೆ ಏನಾಯಿತು?

ವಿಮಾನವು ನಿಂತಲ್ಲಿಂದಲೇ ಹಾರಲಾರದು. ನಿಂತ ಜಾಗದಿಂದ ಓಡುದಾರಿಯ ತುದಿಯವರೆಗೆ ಮೆಲ್ಲನೆ ಉರುಳಿಕೊಂಡು ಹೋಗಬೇಕು. ಮುಂದಿನ ವಿಮಾನ ಹಾರುವವರೆಗೆ ತನ್ನ ಸರದಿಗಾಗಿ ಕಾಯಬೇಕು. ಗಾಳಿಗೆ ಎದುರಾಗಿ ಮೇಲೇರುವುದು ಕ್ಷೇಮವಾದುದರಿಂದ, ಹೋಗಬೇಕಾದ ಊರು ಪಶ್ಚಿಮಕ್ಕಿದ್ದರೂ ಕೆಲವೊಮ್ಮೆ ಪೂರ್ವಕ್ಕೆ ಹಾರಿ ಆಮೇಲೆ ತಿರುಗಬೇಕಾಗುತ್ತದೆ. ಮೇಲೇರುವಾಗ ಪೂರ್ಣವೇಗವಿರದು. ಇಳಿಯುವಾಗಲೂ ಹಾಗೆಯೇ, ದೂರದಿಂದಲೇ ವೇಗವನ್ನು ತಗ್ಗಿಸುತ್ತ, ಓಡುದಾರಿಯ ನೇರಕ್ಕೆ ಬಂದು, ನೆಲ ಮುಟ್ಟಿ, ಮತ್ತೆ ನಿಲ್ಲುವ ಜಾಗಕ್ಕೆ ಉರುಳಬೇಕು. ಪೂರ್ಣವೇಗದಲ್ಲಿ ಹಾರಿದ ಕಾಲವು ಇವುಗಳ ನಡುವೆ ಸಿಕ್ಕಿದ ಒಂದಿಷ್ಟೇ ಕಾಲ. ಮಳೆಗಾಲದಲ್ಲಿ ಮೋಡವು ತಗ್ಗಿ ಓಡುದಾರಿ ಕಾಣದೆ ಹೋದರೆ ಈ ಲೆಕ್ಕವೂ ನಿಲ್ಲುವುದಿಲ್ಲ.

ಆದುದರಿಂದ ಪ್ರಯಾಣದ ಕಾಲವನ್ನು ಎರಡು ಭಾಗವಾಗಿ ವಿಂಗಡಿಸಿಕೊಳ್ಳುವುದು ಒಳ್ಳೆಯದು. ಓಡುವ ಕಾಲ ಒಂದು. ನಿಲ್ಲುವ ಕಾಲ ಇನ್ನೊಂದು. ಓಡುವ ಕಾಲವು ದೂರವನ್ನೂ ವೇಗವನ್ನೂ ಅವಲಂಬಿಸಿದೆ. ನಿಲ್ಲುವ ಕಾಲಕ್ಕೆ ಅವೆರಡರ ಹಂಗೂ ಇಲ್ಲ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದರೂ ಸ್ಯಾನ್‌ಫ್ರಾನ್ಸಿಸ್ಕೊಗೆ ಹೋದರೂ ಓಡುದಾರಿಯಲ್ಲಿ ಸರದಿ ಕಾಯುವುದು ಕಾಯುವುದೇ. ಹದಿನೇಳು ಗಂಟೆಗಳ ಪ್ರಯಾಣದಲ್ಲಿ ಅರ್ಧ ಗಂಟೆ ನಿಂತರೆ ಯಾರೂ ಅದನ್ನು ಎಣಿಸುವುದಿಲ್ಲ. ಅರ್ಧ ಗಂಟೆಯ ಪ್ರಯಾಣದಲ್ಲಿ ಅರ್ಧ ಗಂಟೆ ನಿಂತರೆ ಪ್ರಯಾಣವೇ ಇಮ್ಮಡಿಯಾಯಿತು. ಸಾಗರದ ವ್ಯಾಪಾರಿಯೊಬ್ಬರು ಬೆಂಗಳೂರಿನ ಪೇಟೆಗೆ ವಿಮಾನದಲ್ಲಿ ಹೋಗುವರೆಂದು ಭಾವಿಸಿ. ಶಿವಮೊಗ್ಗದ ಕಡೆಗೆ ಎಪ್ಪತ್ತು ಕಿಲೋಮೀಟರಿನಷ್ಟು ರಸ್ತೆ, ನಿಲ್ದಾಣದಲ್ಲಿ ಮುಂಗಡವಾಗಿ ಕಾಯುವ ಒಂದು ಗಂಟೆ, ಹಾರುವ ಒಂದು ಗಂಟೆ, ಇಳಿದ ಮೇಲೆ ನಗರದ ನಡುವನ್ನು ಸೇರಲು ಮೂವತ್ತಕ್ಕೂ ಮೀರಿದ ಕಿಲೋಮೀಟರ್ ದಾರಿ, ಇವೆಲ್ಲವನ್ನೂ ಕೂಡಿಸಿದರೆ ಐದಾರು ಗಂಟೆಗಳಾಗುವುದು ಆಶ್ಚರ್ಯವಲ್ಲ. ರಾತ್ರಿಯ ರೈಲಿನಲ್ಲಿ ಮಲಗಿ ಬೆಳಗಿನ ಜಾವ ಇಳಿಯುವ ಅವರ ನೆರೆಮನೆಯವರು, “ನನಗೆ ದಾರಿಯೇ ತಿಳಿಯಲಿಲ್ಲ” ಎಂದರೆ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ಆಕಾಶದಿಂದ ನೆಲಕ್ಕಿಳಿದರೆ ಮಲೆನಾಡಿನ ಮೊದಲನೆಯ ಅಡ್ಡಿ ಘಟ್ಟ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯು ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಅದರ ಕೆಳಗಿನ ಸೋಮೇಶ್ವರವು ಕರಾವಳಿಯ ಮಟ್ಟಕ್ಕೆ ಹತ್ತಿರದಲ್ಲಿದೆ. ಇಳಿಯಬೇಕಾದುದು 500 ಮೀಟರಿಗೂ ಹೆಚ್ಚು. ತುಂಬಿದ ಗಾಡಿಯು ಕ್ಷೇಮವಾಗಿ ಇಳಿಯಬೇಕಾದರೆ ಪ್ರತಿ ಹದಿನೈದು ಮೀಟರ್ ದಾರಿಗೆ ಒಂದು ಮೀಟರಿಗಿಂತ ಹೆಚ್ಚು ಇಳಿಜಾರು ಇರಬಾರದೆಂದು ಇಟ್ಟುಕೊಳ್ಳೋಣ. ಆಗ 500 ಮೀಟರ್ ಇಳಿಯಲು ಏಳೂವರೆ ಕಿಲೋಮೀಟರ್ ರಸ್ತೆ ಬೇಕು. ಗುಡ್ಡದ ಮುಖವಾದರೋ ಅಷ್ಟು ಅಗಲವಾಗಿಲ್ಲ. ಎದ್ದು ನಿಂತ ಗೋಡೆಯಂತಿದೆ. ಆದುದರಿಂದ ಇಂಜಿನಿಯರರು ರಸ್ತೆಯನ್ನು ಹಾವಿನಂತೆ ಮಡಿಸಿ ಮಡಿಸಿ ಅದೇ ಮುಖದಲ್ಲಿ ಕೂರಿಸಬೇಕಾಯಿತು. ಆಗುಂಬೆಯ ಹದಿನಾಲ್ಕು ತಿರುವುಗಳು ಹುಟ್ಟಿದುದು ಹೀಗೆ. ಹೊಸನಗರ ತಾಲ್ಲೂಕಿನಿಂದ ಕುಂದಾಪುರದ ಕಡೆಗೆ ಇಳಿಯುವ ಹುಲಿಕಲ್ ಘಾಟಿಯದೂ ಇದೇ ಕಥೆ. ನಾಡಿನಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ಎಡೆಗಳಲ್ಲಿ ಇವೆರಡೂ ಸೇರಿವೆ. ಮಳೆಗಾಲದಲ್ಲಿ ಮಣ್ಣು ಕುಸಿಯುವ ಭಯವಿರುವುದರಿಂದ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳನ್ನು ತಡೆಯುವುದುಂಟು. “ಬೇಸಗೆಯಲ್ಲೋ ಮಳೆಗಾಲದಲ್ಲೋ?” ಎಂದು ಕೇಳಿದ ಹಿರಿಯರ ಪ್ರಶ್ನೆಯ ಅರ್ಥ ಈಗ ನಿಮಗೆ ಆಗಿರಬೇಕು.

ರೈಲಿಗಂತೂ ಘಟ್ಟವು ಇನ್ನೂ ಕಠಿನ. ಸಾಗರದ ಆಚೆ ತಾಳಗುಪ್ಪದಲ್ಲಿ ಕಂಬಿಗಳು ಮುಗಿದುಹೋಗುತ್ತವೆ. ಅಲ್ಲಿಂದ ಹೊನ್ನಾವರದ ಕಡಲು ನೇರವಾಗಿ ಐವತ್ತು ಕಿಲೋಮೀಟರಿನಷ್ಟೇ ಇದೆ.

ಎರಡನೆಯ ಅಡ್ಡಿ ನೀರು. ಇದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಘಟ್ಟವನ್ನು ಪ್ರಕೃತಿಯು ನಿರ್ಮಿಸಿತು. ಈ ನೀರನ್ನು ಅಲ್ಲಿ ನಿಲ್ಲಿಸಿದವರು ನಾವೇ.

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಹರಿದು, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಕಡಲನ್ನು ಸೇರುತ್ತದೆ. ಇದರ ಉದ್ದ 128 ಕಿಲೋಮೀಟರ್. ಈ ನದಿಯ ನೀರಿನಿಂದ ವಿದ್ಯುತ್ತನ್ನು ಪಡೆಯುವ ಕಾರ್ಯವು ಮೊದಲಿಗೆ ಮಡೇನೂರಿನ ಬಳಿಯ ಹಿರೇಭಾಸ್ಕರ ಅಣೆಕಟ್ಟಿನಿಂದ ಆರಂಭವಾಯಿತು. ಅದು 1948ರಲ್ಲಿ ಪೂರ್ಣಗೊಂಡಿತು. ನಾಡಿನ ಬೇಡಿಕೆಯು ಬೆಳೆದಂತೆ ಅದು ಸಾಲದಾಯಿತು. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಇನ್ನೂ ದೊಡ್ಡದಾದ ಅಣೆಕಟ್ಟು ಮುಗಿಯಿತು. ಇದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಿಡಿಯುವ ನೀರು ಸುಮಾರು 151 ಟಿ.ಎಂ.ಸಿ. ಹೊಸ ನೀರು ಹಳೆಯ ಅಣೆಕಟ್ಟನ್ನೇ ನುಂಗಿತು. ಬೇಸಗೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಹಿರೇಭಾಸ್ಕರದ ಕಟ್ಟಡವು ಇಡಿಯಾಗಿ ಮೇಲೆದ್ದು ನಿಲ್ಲುವುದನ್ನು ಇಂದಿಗೂ ಕಾಣಬಹುದು.

ಈ ನೀರಿನಿಂದ ನಾಡಿನ ಮೂಲೆಮೂಲೆಯಲ್ಲಿ ದೀಪಗಳು ಉರಿದವು, ಕಾರ್ಖಾನೆಗಳು ನಡೆದವು. ಅದು ಸಣ್ಣ ಸಾಧನೆಯಲ್ಲ. ಆದರೆ ಸಾಗರ, ಹೊಸನಗರ ತಾಲ್ಲೂಕುಗಳ ಹಳ್ಳಿಗಳು, ಅಡಿಕೆಯ ತೋಟಗಳು, ಗದ್ದೆಗಳು, ದೇವಸ್ಥಾನಗಳು, ಅವುಗಳೊಂದಿಗೆ ತಲೆಮಾರುಗಳು ನಡೆದಾಡಿದ ದಾರಿಗಳು ನೀರಿನಡಿಗೆ ಹೋದವು. ಸಾವಿರಾರು ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋಗಿ ನೆಲೆಸಬೇಕಾಯಿತು. ಅವರಲ್ಲಿ ಎಷ್ಟೋ ಮಂದಿಗೆ ಅರವತ್ತು ವರ್ಷ ಕಳೆದ ಮೇಲೂ ತಾವು ಉಳುವ ನೆಲದ ಹಕ್ಕುಪತ್ರ ಕೈಸೇರಿರಲಿಲ್ಲ. ಸಾಗರದ ಕಾದಂಬರಿಕಾರ ನಾ. ಡಿಸೋಜ ಅವರು ಮುಳುಗಡೆಯ ಬದುಕನ್ನು ತಮ್ಮ ಬರವಣಿಗೆಯ ವಸ್ತುವಾಗಿಸಿಕೊಂಡರು; ಅವರ ಒಂದು ಕಾದಂಬರಿಯ ಹೆಸರು ‘ದ್ವೀಪ’. ಗುಡ್ಡದ ನೆತ್ತಿಯು ದ್ವೀಪವಾಗುವುದನ್ನು ಆ ಸೀಮೆಯ ಜನ ಕಣ್ಣಾರೆ ಕಂಡಿದ್ದರು.

ಎಲ್ಲರೂ ಊರು ಬಿಟ್ಟು ಹೋಗಲಿಲ್ಲ. ಹಿನ್ನೀರಿನ ಆಚೆಯ ದಂಡೆಯಲ್ಲಿ ತುಮರಿ, ಕಳಸವಳ್ಳಿ, ಸಿಗಂದೂರು ಮುಂತಾದ ಊರುಗಳು ಉಳಿದವು. ಅವುಗಳ ತಾಲ್ಲೂಕು ಕೇಂದ್ರವು ಸಾಗರವೇ. ಆಸ್ಪತ್ರೆ, ಕಚೇರಿ, ಕಾಲೇಜು, ಅಡಿಕೆಯ ಮಂಡಿ, ಎಲ್ಲವೂ ನೀರಿನ ಈಚೆಗೆ. ಕಳಸವಳ್ಳಿಯ ದಂಡೆಯಲ್ಲಿ ನಿಂತರೆ ಎದುರಿನ ಅಂಬಾರಗೋಡ್ಲುವಿನ ದಂಡೆಯು ಕಣ್ಣಳತೆಯಲ್ಲಿಯೇ ಇದೆ. ನಡುವೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು ನೀರು. ನೀರನ್ನು ದಾಟದೆ ರಸ್ತೆಯಲ್ಲಿ ಬಳಸಿಕೊಂಡು ಬರಬೇಕಾದರೆ ಸುಮಾರು 80 ಕಿಲೋಮೀಟರ್ ಸುತ್ತು. ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ನೇರ ದೂರಕ್ಕಿಂತ ರಸ್ತೆಯ ದೂರವು ಕಾಲು ಪಾಲಿನಷ್ಟು ಹೆಚ್ಚೆಂದು ಮೇಲೆ ಕಂಡೆವು. ಇಲ್ಲಿ ಅದು ಮೂವತ್ತು ಮಡಿಗಿಂತಲೂ ಹೆಚ್ಚು.

ಆದುದರಿಂದ ಜನರು ಲಾಂಚನ್ನು ಆಶ್ರಯಿಸಿದರು. ಹೊಳೆಬಾಗಿಲಿನ ಕಡವಿನಲ್ಲಿ ಬಸ್ಸು, ಜೀಪು, ಮನುಷ್ಯರು, ಮೂಟೆಗಳನ್ನು ಹೊತ್ತುಕೊಂಡು ಲಾಂಚು ಈ ದಂಡೆಯಿಂದ ಆ ದಂಡೆಗೆ ದಶಕಗಳ ಕಾಲ ಓಡಾಡಿತು. ಹಸಿರುಮಕ್ಕಿ, ಮುಪ್ಪಾನೆಗಳಲ್ಲಿಯೂ ಇಂಥ ಕಡವುಗಳಿದ್ದವು. ಸಿಗಂದೂರಿನ ಚೌಡೇಶ್ವರಿಯ ಸನ್ನಿಧಿಗೆ ಬರುವ ಪರವೂರಿನ ಯಾತ್ರಿಕರಿಗೆ ಲಾಂಚಿನ ಪ್ರಯಾಣವು ಒಂದು ವಿನೋದ. ಬಿಳಿಯ ನೀರು, ಸುತ್ತಲೂ ಹಸುರು ಗುಡ್ಡಗಳು, ನೀರಿನಲ್ಲಿ ನಿಂತೇ ಒಣಗಿದ ಮರಗಳ ಮೋಟುಗಳು, ಇವುಗಳನ್ನೆಲ್ಲ ನೋಡುತ್ತ ನಿಂತರೆ ದಂಡೆ ಬಂದುದೇ ತಿಳಿಯುತ್ತಿರಲಿಲ್ಲ. ದಿನವೂ ದಾಟುವವರ ಲೆಕ್ಕವೇ ಬೇರೆ.

ಆ ಲೆಕ್ಕವನ್ನು ಮಾಡಿ ನೋಡೋಣ. ಲಾಂಚು ನೀರನ್ನು ದಾಟಲು ಇಪ್ಪತ್ತು ನಿಮಿಷ ಹಿಡಿಯುವುದೆಂದೂ, ಅಷ್ಟೇ ಹೊತ್ತಿನಲ್ಲಿ ಹಿಂತಿರುಗುವುದೆಂದೂ ಭಾವಿಸಿ. ಜನ ಇಳಿಯುವ, ಗಾಡಿ ಹತ್ತುವ ಹೊತ್ತನ್ನು ಎರಡು ದಂಡೆಗಳಲ್ಲಿಯೂ ಹತ್ತು ಹತ್ತು ನಿಮಿಷವೆಂದು ಇಟ್ಟುಕೊಂಡರೆ, ಒಂದು ದಂಡೆಯಿಂದ ಲಾಂಚು ಒಮ್ಮೆ ಹೊರಟ ಮೇಲೆ ಅಲ್ಲಿಂದ ಮತ್ತೆ ಹೊರಡುವುದು ಒಂದು ಗಂಟೆಯ ತರುವಾಯ. ಅದು ಹೊರಡುವ ಕ್ಷಣಕ್ಕೆ ಸರಿಯಾಗಿ ಬಂದವನು ಕಾಯಬೇಕಾಗಿಲ್ಲ. ಹೊರಟ ಮರುಕ್ಷಣ ಬಂದವನು ಒಂದು ಗಂಟೆ ಕಾಯಬೇಕು. ಬರುವವರೆಲ್ಲರ ಸರಾಸರಿ ತೆಗೆದರೆ ಕಾಯುವ ಕಾಲ ಅರ್ಧ ಗಂಟೆ. ದಾಟುವುದಕ್ಕೆ ಇಪ್ಪತ್ತು ನಿಮಿಷ, ಕಾಯುವುದಕ್ಕೆ ಮೂವತ್ತು ನಿಮಿಷ. ಎರಡು ಲಾಂಚುಗಳನ್ನು ಓಡಿಸಿದರೆ ಕಾಯುವ ಕಾಲ ಅರ್ಧವಾಗುತ್ತದೆ. ಜಾತ್ರೆಯ ದಿನ ಗಾಡಿಗಳ ಸಾಲು ಬೆಳೆದರೆ ಮತ್ತೆ ಹಲವು ಮಡಿಯಾಗುತ್ತದೆ. ಬೇಸಗೆಯ ಕೊನೆಗೆ ನೀರು ತಗ್ಗಿ ಲಾಂಚಿನ ತಳಕ್ಕೆ ನೆಲ ತಾಗುವಂತಾದಾಗ ಗಾಡಿಗಳನ್ನು ಹತ್ತಿಸಲಾಗುತ್ತಿರಲಿಲ್ಲ. ವಿಮಾನದ ಓಡುದಾರಿಯಲ್ಲಿ ನಾವು ಕಂಡ ನಿಲ್ಲುವ ಕಾಲವೇ ಇಲ್ಲಿ ಕಡವಿನ ಮಣ್ಣಿನ ಮೇಲೆ ಬಿಸಿಲಿನಲ್ಲಿಯೋ ಮಳೆಯಲ್ಲಿಯೋ ಎದುರಾಗುತ್ತಿತ್ತು.

ಇಷ್ಟೂ ಹಗಲಿನ ಲೆಕ್ಕ. ಲಾಂಚು ಬೆಳಗಿನಿಂದ ಸಂಜೆಯವರೆಗೆ ಮಾತ್ರ ಓಡುತ್ತಿತ್ತು. ಕೊನೆಯ ಲಾಂಚು ಹೋದ ಮೇಲೆ ಕಾಯುವ ಕಾಲವೆಂದರೆ ಮರುದಿನ ಬೆಳಗಾಗುವವರೆಗಿನ ಕಾಲ. ಸಂಜೆಯ ಬಸ್ಸು ಸಾಗರದಿಂದ ತಡವಾಗಿ ಹೊರಟರೆ ಕಾಲೇಜಿಗೆ ಹೋದ ಹುಡುಗಿಯು ಮನೆ ಸೇರುವುದು ಹೇಗೆಂಬ ಚಿಂತೆ ತಾಯಿಗೆ. ರಾತ್ರಿ ಒಂಬತ್ತು ಗಂಟೆಗೆ ಬಸುರಿಗೆ ಬೇನೆ ಕಾಣಿಸಿಕೊಂಡರೆ, ಗದ್ದೆಯ ಕೆಲಸದಿಂದ ಬಂದವನಿಗೆ ಹಾವು ಕಚ್ಚಿದ್ದು ತಿಳಿದರೆ, ಮುದುಕರ ಎದೆ ಹಿಡಿದುಕೊಂಡರೆ, ಮನೆಯವರು ಎರಡರಲ್ಲಿ ಒಂದನ್ನು ಆರಿಸಬೇಕಾಗಿತ್ತು: ಕತ್ತಲಿನಲ್ಲಿ ಕಾಡಿನ ರಸ್ತೆಯನ್ನು ಹಿಡಿದು ಎಂಬತ್ತು ಕಿಲೋಮೀಟರ್ ಬಳಸಿ ಹೋಗುವುದು, ಇಲ್ಲವೆ ಬೆಳಗಾಗಲೆಂದು ಕಾಯುವುದು. ಹಾವಿನ ವಿಷಕ್ಕೆ ಮದ್ದು ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು ಎಂದು ನೀವು ಓದಿದ್ದೀರಿ. ಇಂಥ ಹೊತ್ತಿನಲ್ಲಿ ಸಾಗರವು ತುಮರಿಯಿಂದ ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಗಂಟೆ ಎಂದೇ ಕೇಳುತ್ತಾರೆ. ಧ್ರುವದ ಬಳಿಯ ಲಾಂಗಿಯರ್‌ಬೀನಿನ ರೋಗಿಯು 960 ಕಿಲೋಮೀಟರ್ ಸಮುದ್ರವನ್ನು ದಾಟಿ ಟ್ರೊಮ್ಸೊ ತಲುಪಲು ವಿಮಾನಕ್ಕೆ ಬೇಕಾದುದು ಎರಡು ಗಂಟೆಗೂ ಕಡಿಮೆಯೆಂಬುದನ್ನು ಇಲ್ಲಿ ನೆನೆಯಿರಿ. ಆಚೆ ದಂಡೆಯ ದೀಪಗಳನ್ನು ಕಾಣುತ್ತ ಕುಳಿತ ತುಮರಿ ಸೀಮೆಯ ರೋಗಿಗೆ ಎರಡು ಕಿಲೋಮೀಟರ್ ನೀರು ಒಂದು ರಾತ್ರಿಯಷ್ಟು ಉದ್ದವಾಗಿತ್ತು. ನೀರಿನಿಂದ ಹುಟ್ಟಿದ ವಿದ್ಯುತ್ತು ಮಾತ್ರ ತಂತಿಯ ಮೇಲೆ ಕ್ಷಣಾರ್ಧದಲ್ಲಿ ಬೆಂಗಳೂರನ್ನು ಮುಟ್ಟುತ್ತಿತ್ತು.

ಆಚೆ ದಂಡೆಯ ಜನರು ಸೇತುವೆಗಾಗಿ ಬಹುಕಾಲ ಕೇಳಿಕೊಂಡರು. ಸೇತುವೆ ಕಟ್ಟುವುದು ಸುಲಭದ ಕೆಲಸವಾಗಿರಲಿಲ್ಲವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಮಳೆಗಾಲದಲ್ಲಿ ಏರಿ ಬೇಸಗೆಯಲ್ಲಿ ಇಳಿಯುವ ಆಳವಾದ ನೀರಿನ ನಡುವೆ ಕಂಬಗಳನ್ನು ನೆಡಬೇಕು; ಮಳೆಗಾಲದಲ್ಲಿ ಕೆಲಸವನ್ನು ಎಂದಿನಂತೆ ನಡೆಸುವುದು ಕಷ್ಟ. ಹಾಗೆಂದು ಅರವತ್ತು ವರ್ಷ ಬೇಕಾಗಿತ್ತೇ ಎಂಬ ಪ್ರಶ್ನೆಗೆ ಇಂಜಿನಿಯರಿಂಗಿನಲ್ಲಿ ಉತ್ತರ ಸಿಕ್ಕುವುದಿಲ್ಲ. 2018ರಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಣ ಸೇತುವೆಗೆ ಅಡಿಗಲ್ಲು ಬಿದ್ದಿತು. 2025ರ ಜುಲೈ 14ರಂದು ಅದು ಸಂಚಾರಕ್ಕೆ ತೆರೆಯಿತು. ಇದರ ಉದ್ದ 2.44 ಕಿಲೋಮೀಟರ್, ಅಗಲ 16 ಮೀಟರ್; ತಗುಲಿದ ವೆಚ್ಚ 470 ಕೋಟಿ ರೂಪಾಯಿಗಳಿಗೂ ಹೆಚ್ಚು. ನಡುನೀರಿನಲ್ಲಿ ಕಂಬಗಳನ್ನು ಕಡಿಮೆ ಮಾಡುವ ಸಲುವಾಗಿ ಎತ್ತರದ ಗೋಪುರಗಳಿಂದ ಇಳಿಬಿಟ್ಟ ಉಕ್ಕಿನ ಹಗ್ಗಗಳು ಸೇತುವೆಯ ಮಧ್ಯಭಾಗವನ್ನು ಹೊತ್ತಿವೆ. ಈ ಬಗೆಯ ಸೇತುವೆಗಳಲ್ಲಿ ಇದು ದೇಶದ ಅತ್ಯಂತ ಉದ್ದವಾದವುಗಳ ಸಾಲಿಗೆ ಸೇರುತ್ತದೆ.

ಸೇತುವೆಯಾದ ಮಾತ್ರಕ್ಕೆ ಕಳಸವಳ್ಳಿಯು ಅಂಬಾರಗೋಡ್ಲುವಿನ ಸಮೀಪಕ್ಕೆ ಬರಲಿಲ್ಲ. ಅಕ್ಷಾಂಶ ರೇಖಾಂಶಗಳು ಹಿಂದಿದ್ದಲ್ಲಿಯೇ ಇವೆ. ಭೂಪಟದಲ್ಲಿ ಅಳೆದರೆ ಹಿಂದಿನ ದೂರವೇ ಬರುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಬಸ್ಸು 2.44 ಕಿಲೋಮೀಟರನ್ನು ದಾಟಲು 3 ನಿಮಿಷ 40 ಸೆಕೆಂಡು ಸಾಕು. ಕಡವಿನಲ್ಲಿ ಕಾಯುವ ಕಾಲವು ಸೊನ್ನೆಯಾಗಿದೆ. ರಾತ್ರಿ ಒಂಬತ್ತು ಗಂಟೆಗೆ ಹೊರಟ ಗಾಡಿಗೂ ಹಗಲಿನಲ್ಲಿ ಹೊರಟ ಗಾಡಿಗೂ ಅಲ್ಲಿ ಹಿಡಿಯುವ ಹೊತ್ತು ಒಂದೇ.